ಕಾಗುಣಿತ ಬಾಯಿಪಾಠ ಬರುತ್ತೆ, ಪುಸ್ತಕ ಕೊಟ್ಟರೆ ಓದಲು ಬರಲ್ಲ: ಏನು ಮಾಡೋದು?

ಪಿಂಪ್ರಿ ಭಾನುವಾರ ವರ್ಗ

ಎಲ್ಲರಿಗೂ ನಮಸ್ಕಾರ. ಪುಣೆ ಪಕ್ಕದ ಪಿಂಪ್ರಿಯಲ್ಲಿ ಪ್ರತಿ ಭಾನುವಾರ ಒಂದೂವರೆ ಗಂಟೆ ಕನ್ನಡ ವರ್ಗ ನಡೆಸುತ್ತೇವೆ. 5ರಿಂದ 8 ವರ್ಷದ 18 ಮಕ್ಕಳಿದ್ದಾರೆ. ಶಾಲೆಯಲ್ಲಿ ಅರ್ಧ ಮಕ್ಕಳದು ಮರಾಠಿ ಮಾಧ್ಯಮ, ಉಳಿದವರದು ಇಂಗ್ಲಿಷ್. ಎಲ್ಲರೂ ಮನೆಯಲ್ಲಿ ಕನ್ನಡವನ್ನೋ ತುಳುವನ್ನೋ ಮಾತಾಡುತ್ತಾರೆ. ಅ ಆ ಇ ಈಯಿಂದ ಕ ಕಾ ಕಿ ಕೀವರೆಗೆ ಗಟ್ಟಿಯಾಗಿ ಹೇಳುತ್ತಾರೆ, ನೋಟ್‌ಬುಕ್ಕಿನಲ್ಲಿ ಅಂದವಾಗಿ ಬರೆಯುತ್ತಾರೆ. ಆದರೆ "ಅಜ್ಜಿ ಹಾಲು ಕೊಟ್ಟಳು" ಅನ್ನುವ ಒಂದು ಸಾಲು ಕೊಟ್ಟರೆ ಅಲ್ಲೇ ನಿಲ್ಲುತ್ತಾರೆ. ವಾರಕ್ಕೆ ಒಂದೂವರೆ ಗಂಟೆಯಲ್ಲಿ ಏನು ಮಾಡಬೇಕು, ಮನೆಗೆ ಏನು ಕೊಟ್ಟು ಕಳಿಸಬೇಕು? ಇದೇ ಕೆಲಸ ಮಾಡುತ್ತಿರುವವರು ದಯವಿಟ್ಟು ವಿವರವಾಗಿ ಬರೆಯಿರಿ.

ಡೊಂಬಿವಲಿ ಟೀಚರ್

ಮೇಡಂ, ಮಕ್ಕಳು ಕಲಿತಿರುವುದು ಅಕ್ಷರವಲ್ಲ, ಅಕ್ಷರಗಳ ಸಾಲು. ಪದ್ಯದ ಹಾಗೆ ಒಂದರ ಬೆನ್ನಿಗೆ ಇನ್ನೊಂದು ಬರುತ್ತದೆ. ಪರೀಕ್ಷಿಸುವುದು ಸುಲಭ. 20 ಅಕ್ಷರಗಳನ್ನು ಬೇರೆ ಬೇರೆ ಚೀಟಿಯಲ್ಲಿ ಬರೆದು, ಕಲಸಿ, ಒಂದೊಂದಾಗಿ ತೋರಿಸಿ. ಮೂರು ಸೆಕೆಂಡಿನಲ್ಲಿ ಹೇಳಿದರೆ ಬಂತು. "ಕ, ಖ, ಗ..." ಅಂತ ಬಾಯಲ್ಲೇ ಮೊದಲಿನಿಂದ ಎಣಿಸಿಕೊಂಡು ಬಂದು ಹೇಳಿದರೆ ಬಂದಿಲ್ಲ ಅಂತಲೇ ಲೆಕ್ಕ.

ಮೊದಲ ಭಾನುವಾರ ಪಾಠ ಮಾಡಬೇಡಿ, ಮಕ್ಕಳ ಮಟ್ಟ ನೋಡಿ. 1995ರಲ್ಲಿ ಮುಂಬಯಿಯ ಕೊಳೆಗೇರಿ ಮಕ್ಕಳಿಗಾಗಿ ಶುರುವಾದ ಪ್ರಥಮ್ ಸಂಸ್ಥೆ ಮಕ್ಕಳ ಓದು, ಲೆಕ್ಕ ಅಳೆಯಲು ನಡೆಸುವ ಅಸರ್ ಸಮೀಕ್ಷೆಯ ಓದಿನ ಹಾಳೆ ಇದಕ್ಕೆ ಸಾಕು. ನಾಲ್ಕು ಸಣ್ಣ ವಾಕ್ಯಗಳ ಒಂದು ಪರಿಚ್ಛೇದ ಕೊಟ್ಟು ಶುರು ಮಾಡಬೇಕು. ಅದು ಬಂದರೆ ಕಥೆ ಕೊಡಿ, ಬರದಿದ್ದರೆ ಐದು ಪದ, ಅದೂ ಬರದಿದ್ದರೆ ಐದು ಅಕ್ಷರ. ಐದರಲ್ಲಿ ನಾಲ್ಕು ಸರಿಯಾದರೆ ಆ ಮಟ್ಟ ದಾಟಿದ ಹಾಗೆ. ಒಬ್ಬರಿಗೆ ಐದು ನಿಮಿಷ ಹಿಡಿಯುತ್ತದೆ, ಅಷ್ಟೆ. ಆಮೇಲೆ ವಯಸ್ಸನ್ನು ಬಿಟ್ಟು ಮಟ್ಟದ ಮೇಲೆ ಮೂರು ಗುಂಪು ಮಾಡಿ. 8 ವರ್ಷದವನು 5 ವರ್ಷದವರ ಜೊತೆ ಕೂರಬೇಕಾಗಬಹುದು. ಹಾಗಾದಾಗ ಅವನ ಕೈಗೆ ಚೀಟಿ ತೋರಿಸುವ ಕೆಲಸ ಕೊಡಿ, ಮುಜುಗರವಾಗುವುದಿಲ್ಲ.

ಅಕ್ಷರದ ಗುಂಪಿಗೆ ವರ್ಣಮಾಲೆಯ ಕ್ರಮ ಬಿಡಿ. ಅ ಆ ಇ ಈ ಉ ಊ ಆರೂ ಬಂದರೂ ಓದುವುದಕ್ಕೆ ಆ, ಈ ಬಿಟ್ಟರೆ ಒಂದು ಪದ ಸಿಗುವುದಿಲ್ಲ. ಕರ್ನಾಟಕದ ಸರ್ಕಾರಿ ಶಾಲೆಗಳ ಚಟುವಟಿಕೆ ಆಧಾರಿತ ಕಲಿಕೆಯಾದ ನಲಿ-ಕಲಿಯಲ್ಲಿ ರ ಗ ಸ ದ ಅ ಮೊದಲು ಬರುತ್ತವೆ, ನಂತರ ಜ ವ ಮ ಬ ನ. ಮೊದಲ ಐದರಲ್ಲೇ ಸರ, ದರ, ಅರಸ, ಅಗಸ, ಗರಗಸ ಆಗುತ್ತವೆ. ಮುಂದಿನ ಐದು ಸೇರಿದರೆ ಮರ, ಜನ, ವನ, ನಗ, ದವಸ, ಬಸವ, ಗಮನ. ಹತ್ತೇ ಅಕ್ಷರದಲ್ಲಿ ಮಗು ಓದುಗನಾಗುತ್ತದೆ. ವಾರಕ್ಕೆ ಮೂರು ಅಕ್ಷರಕ್ಕಿಂತ ಹೆಚ್ಚು ಬೇಡ, ಮತ್ತು ಕಲಿತ ದಿನವೇ ಅವುಗಳಿಂದ ಪದ ಕಟ್ಟಿಸಬೇಕು. ವ, ಪ, ಮ ಮೂರನ್ನೂ ಒಂದೇ ದಿನ ತೋರಿಸಬೇಡಿ. ಮ, ಯ ಅಕ್ಷರಗಳ ಬಾಲ ಕೊಂಬಿನಂತೆ ಕಾಣುವುದರಿಂದ "ಮರ"ವನ್ನು "ವುರ" ಅನ್ನುವ ಮಕ್ಕಳಿದ್ದಾರೆ. ನ-ಸ, ರ-ಠ, ದ-ಧ, ಬ-ಭ ಜೋಡಿಗಳಿಗೂ ನಡುವೆ ಎರಡು ವಾರ ಅಂತರವಿರಲಿ.

ಕಾಗುಣಿತವನ್ನು ಅಡ್ಡಸಾಲಿನಲ್ಲಿ ಹೇಳಿಸುವುದನ್ನು ಸದ್ಯ ನಿಲ್ಲಿಸಿ, ಉದ್ದಸಾಲು ಹಿಡಿಯಿರಿ. ಅಂದರೆ ಒಂದು ಅಕ್ಷರಕ್ಕೆ ಎಲ್ಲ ಚಿಹ್ನೆ ಅಲ್ಲ, ಒಂದು ಚಿಹ್ನೆ ಹತ್ತು ಅಕ್ಷರಕ್ಕೆ. ಮೊದಲು ಇಳಿ: ರಾ, ಗಾ, ಸಾ, ದಾ, ಮಾ, ನಾ. ಕೂಡಲೇ ಗಾಜು ಬೇಡ, ಅದರಲ್ಲಿ ಕೊಂಬಿದೆ. ಗಾನ, ದಾನ, ಮಾನ, ಸಾರ, ರಾಗ ಸಾಕು. ಆಮೇಲೆ ಗುಡಿಸು, ಆಮೇಲೆ ಕೊಂಬು, ಏತ್ವ. ಒಂದು ಚಿಹ್ನೆಗೆ ಎರಡು ವಾರ ಕೊಡಿ. ಋ, ಙ, ಞ, ಐತ್ವ, ಔತ್ವಗಳಿಗೆ ಅವಸರವೇ ಇಲ್ಲ. ಸೋನಾಲಿ ನಾಗ್ 2007ರಲ್ಲಿ ಪ್ರಕಟಿಸಿದ ಕನ್ನಡ ಓದಿನ ಅಧ್ಯಯನದಲ್ಲಿ, ಅಕ್ಷರಗಳ ಕಲಿಕೆ ಮೂರು-ನಾಲ್ಕನೇ ತರಗತಿಯವರೆಗೂ ನಡೆಯುತ್ತಲೇ ಇರುತ್ತದೆ ಅಂತ ಕಂಡುಬಂದಿತ್ತು. ಇಂಗ್ಲಿಷಿನ 26 ಅಕ್ಷರದ ಲೆಕ್ಕವನ್ನು ಕನ್ನಡಕ್ಕೆ ಹಾಕಿ, ಆರು ತಿಂಗಳಲ್ಲಿ ಮುಗಿಯಲಿಲ್ಲ ಅಂತ ಮಗುವನ್ನು ಬೈಯುವುದು ತಪ್ಪು.

ಠಾಣೆಯ ಓದುಗ

ಟೀಚರ್ ಹೇಳಿದ್ದು ಪೂರ್ತಿ ಸರಿ. ಮರಾಠಿ ಮಾಧ್ಯಮದ ಮಕ್ಕಳ ಬಗ್ಗೆ ಮಾತ್ರ ಸೇರಿಸುತ್ತೇನೆ, ಏಕೆಂದರೆ ಅವರ ತಪ್ಪುಗಳಿಗೆ ಬೇರೆಯೇ ಕಾರಣವಿದೆ.

ಮರಾಠಿಯಲ್ಲಿ ನಗರ ಅಂತ ಬರೆದು "ನಗರ್" ಅಂತ ಓದುತ್ತಾರೆ. ಕೊನೆಯ ಅಕಾರ ಅಲ್ಲಿ ಬಾಯಿಗೆ ಬರುವುದಿಲ್ಲ. ಆ ಅಭ್ಯಾಸ ಕನ್ನಡಕ್ಕೂ ಬಂದು ಮರ "ಮರ್" ಆಗುತ್ತದೆ, ಕಮಲ "ಕಮಲ್" ಆಗುತ್ತದೆ. ಮಗುವಿಗೆ ಅಕ್ಷರ ಗೊತ್ತಿಲ್ಲ ಅಂತ ತಿಳಿದು ಮತ್ತೆ ಅಕ್ಷರ ಕಲಿಸಿದರೆ ಪ್ರಯೋಜನವಿಲ್ಲ. "ಕನ್ನಡದಲ್ಲಿ ಕೊನೆಯ ಅ ಹೇಳಲೇಬೇಕು, ಬೇಡವಾದರೆ ಅಲ್ಲಿ ಗುರುತು ಹಾಕಿರುತ್ತಾರೆ" ಅಂತ ನೇರವಾಗಿ ಹೇಳಿ. ಬಸವ–ಬಸ್ ಪಕ್ಕಪಕ್ಕ ತೋರಿಸಿ. ತಲಕಟ್ಟನ್ನು ಅಕಾರದ ಗುರುತಾಗಿ ಹೇಳಿಕೊಡುವವರಿದ್ದಾರೆ, ಆದರೆ ಜ, ಟ, ಣ, ಬ, ಲ ಅಕ್ಷರಗಳಿಗೆ ತಲಕಟ್ಟೇ ಇಲ್ಲ. ಅಲ್ಲಿ ಮಗು ಗೊಂದಲಕ್ಕೆ ಬೀಳುತ್ತದೆ.

ಎರಡನೆಯದು ಎ-ಏ, ಒ-ಓ. ಮರಾಠಿ ಬರಹದಲ್ಲಿ ಈ ಭೇದವೇ ಇಲ್ಲ, ಹಾಗಾಗಿ ಮಗುವಿನ ಕಣ್ಣು ದೀರ್ಘದ ಗುರುತನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಬೆಳೆ–ಬೇಳೆ, ಕೊಡು–ಕೋಡು, ಕೆರೆ–ಕೇರೆ ಜೋಡಿಗಳಿಗೆ ಚಿತ್ರ ಬರೆಸಿ ಆಡಿಸಿ. ಮೊದಲು ಕಿವಿ, ಆಮೇಲೆ ಕಣ್ಣು. ನೀವು ಹೇಳಿದ್ದಕ್ಕೆ ಸರಿಯಾದ ಚಿತ್ರ ಎತ್ತಿದ ಮೇಲಷ್ಟೇ ಬರಹ ತೋರಿಸಿ.

ಮೂರನೆಯದೇ ಎಲ್ಲಕ್ಕಿಂತ ಕಷ್ಟ, ಒತ್ತಕ್ಷರ. ಮೇಡಂ ಕೊಟ್ಟ ಸಾಲಿನಲ್ಲಿ ಮಕ್ಕಳು ನಿಲ್ಲುವುದು "ಅಜ್ಜಿ"ಯಲ್ಲೇ ಇರಬೇಕು. ಗುಡಿಸು ಮೇಲಿನ ಜಕಾರಕ್ಕೆ ಅಂಟಿರುತ್ತದೆ, ಉಚ್ಚಾರ ಮಾತ್ರ ಕೆಳಗಿನ ಒತ್ತು ಆದ ಮೇಲೆ. ಮಗು ಕಂಡ ಹಾಗೆ ಓದಿ "ಅಜಿಜ" ಅನ್ನುತ್ತದೆ. ಮರಾಠಿಯಲ್ಲಿ ಅರ್ಧ ಅಕ್ಷರ ಮೊದಲು, ಪೂರ್ತಿ ಅಕ್ಷರ ಆಮೇಲೆ. ಕನ್ನಡದಲ್ಲಿ ಮೊದಲ ವ್ಯಂಜನ ಪೂರ್ತಿ ಕಾಣುತ್ತದೆ, ಎರಡನೆಯದು ಕೆಳಗೆ ಚಿಕ್ಕದಾಗುತ್ತದೆ. ಅದಕ್ಕೆ "ಮೇಲಿನದನ್ನು ಅರ್ಧ ಹೇಳು, ಕೆಳಗಿನದಕ್ಕೆ ಗುಣಿತ ಕೊಡು" ಅನ್ನುವ ಒಂದೇ ಸೂತ್ರ ಇಟ್ಟುಕೊಳ್ಳಿ. ಅಕ್ಕ, ಅಪ್ಪ, ಹಬ್ಬ, ಬೆಟ್ಟ ಮೊದಲು, ಏಕೆಂದರೆ ಕ, ಪ, ಬ, ಟ ಒತ್ತುಗಳು ಮೂಲ ಅಕ್ಷರದ ಹಾಗೇ ಕಾಣುತ್ತವೆ. ತ, ನ, ಮ, ಯ, ರ, ಲ ಒತ್ತುಗಳಿಗೆ ಮೂಲದ ಹೋಲಿಕೆ ಇಲ್ಲ, ಆ ಆರನ್ನು ಹೊಸ ಅಕ್ಷರ ಅಂತಲೇ ಕಲಿಸಬೇಕು. ಅರ್ಕಾವತ್ತು ಮಾತ್ರ ಮರಾಠಿ ಮಕ್ಕಳಿಗೆ ಸುಲಭ. ಅವರ ರಫಾರ (ಮರಾಠಿಯ ಅರ್ಧ ರ) ಮುಂದಿನ ಅಕ್ಷರದ ತಲೆಯ ಮೇಲೆ ಕೂರುತ್ತದೆ, ನಮ್ಮದು ಬಲಗಡೆ ಕೂರುತ್ತದೆ, ಎರಡನ್ನೂ ಮೊದಲೇ ಉಚ್ಚರಿಸುತ್ತೇವೆ. ಸೂರ್ಯ ಪದವನ್ನು ಎರಡೂ ಲಿಪಿಯಲ್ಲಿ ಬರೆದು ತೋರಿಸಿದರೆ ಹತ್ತು ನಿಮಿಷದ ಕೆಲಸ.

ಮಾಟುಂಗ ಅಜ್ಜ

ಬರವಣಿಗೆಯನ್ನು ಯಾರೂ ಹೇಳಲಿಲ್ಲವಲ್ಲ. ದಿನಕ್ಕೊಂದು ಪುಟ ಕಾಪಿ ಬರೆಸದೆ ಅಕ್ಷರ ಹೇಗೆ ನಿಲ್ಲುತ್ತದೆ?

ಡೊಂಬಿವಲಿ ಟೀಚರ್

ಸರ್, ಕೈಯಿಂದ ಬರೆಯಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಕಾಪಿ ಪುಟವನ್ನು ಒಂದು ಪದವನ್ನೂ ಓದದೆ ತುಂಬಿಸಬಹುದು. ಎಷ್ಟೋ ಮಕ್ಕಳು ಹತ್ತು ಸಾಲಿಗೂ ಮೊದಲ ಅಕ್ಷರವನ್ನು ಮೇಲಿನಿಂದ ಕೆಳಗೆ ಬರೆದು, ಆಮೇಲೆ ಎರಡನೆಯದಕ್ಕೆ ಬರುತ್ತಾರೆ. ಅದು ಚಿತ್ರ ಬಿಡಿಸಿದ ಹಾಗೆ. ಸ್ಲೇಟಿನ ಮೇಲೆ ದೊಡ್ಡದಾಗಿ, ಬಾಯಲ್ಲಿ ಹೇಳುತ್ತಾ, ಮೂರು ಸಲ ಬರೆಯಲಿ. ನಾಲ್ಕನೇ ಸಲ ಅಳಿಸಿ, ನೋಡದೆ ಬರೆಯಲಿ. ಆಮೇಲೆ ಐದು ಪದದ ಉಕ್ತಲೇಖನ. ಅಲ್ಲಿ ಆದ ತಪ್ಪುಗಳೇ ಮುಂದಿನ ವಾರದ ಪಾಠ.

ಪಿಂಪ್ರಿ ಭಾನುವಾರ ವರ್ಗ

ತುಂಬ ಧನ್ಯವಾದ. ಇನ್ನು ಮನೆಯ ವಿಷಯ. ಕೆಲವು ತಾಯಂದಿರಿಗೆ ಕನ್ನಡ ಮಾತು ಬರುತ್ತದೆ, ಓದಲು ಬರುವುದಿಲ್ಲ. ಇನ್ನು ಕೆಲವರು ಮಗುವಿಗೆ ಸುಲಭವಾಗಲಿ ಅಂತ ಕನ್ನಡ ಪದ್ಯವನ್ನು ದೇವನಾಗರಿಯಲ್ಲೋ ಇಂಗ್ಲಿಷಿನಲ್ಲೋ ಬರೆದುಕೊಡುತ್ತಾರೆ. ಸರಿಯೇ?

ವಾಸ್ಕೋದಿಂದ

ಅಕ್ಕಾ, ಭಾಷಣಕ್ಕೆ, ನಾಟಕಕ್ಕೆ ಬಾಯಿಪಾಠ ಮಾಡಲು ಆದರೆ ಇರಲಿ, ಓದು ಕಲಿಸಲು ಬೇಡವೇ ಬೇಡ. ದೇವನಾಗರಿಯಲ್ಲಿ ಎ-ಏ ಒಂದೇ ಆಗುತ್ತವೆ. ಇಂಗ್ಲಿಷಿನಲ್ಲಿ ತ-ಟ, ಲ-ಳ, ನ-ಣ ಕೂಡ ಒಂದೇ ಆಗುತ್ತವೆ. ಮಗು ಕನ್ನಡ ಸಾಲನ್ನು ನೋಡುವುದೇ ಇಲ್ಲ.

ಇಲ್ಲಿ ಗೋವಾದಲ್ಲಿ ಬೈನಾ, ಜುವಾರಿನಗರದ ಕಡೆ ವಿಜಯಪುರ, ಬಾಗಲಕೋಟೆ, ಕೊಪ್ಪಳದಿಂದ ದುಡಿಯಲು ಬಂದ ಮನೆಗಳು ಬಹಳ. ಸಂಜೆ ತಾಯಿಗೆ ಹತ್ತು ನಿಮಿಷ ಸಿಕ್ಕರೆ ದೊಡ್ಡದು. ಆ ಹತ್ತು ನಿಮಿಷವೇ ಸಾಕು, ಓದಲು ಬರದ ತಾಯಿಯೂ ಮಾಡಬಹುದು. ಮಗು ಜೋರಾಗಿ ಓದಲಿ, ತಾಯಿ ಅಡುಗೆ ಮಾಡುತ್ತಲೇ ಕೇಳಲಿ. ಮುಗಿದ ಮೇಲೆ ಮೂರೇ ಪ್ರಶ್ನೆ: ಏನಾಯ್ತು? ಯಾಕೆ ಹಂಗಾಯ್ತು? ಮುಂದ ಏನಾಗಬಹುದು? ಉತ್ತರ ಮನೆಮಾತಿನಲ್ಲೇ ಇರಲಿ. ವಾರಕ್ಕೆ ಒಂದೇ ಪುಟ್ಟ ಪುಸ್ತಕ ಸಾಕು, ನಾಲ್ಕು ದಿನ ಅದನ್ನೇ ಓದಲಿ. ಮೊದಲ ದಿನ ಅಕ್ಷರ ಕೂಡಿಸುತ್ತಾ ಓದಿದ್ದನ್ನು ನಾಲ್ಕನೇ ದಿನ ಮಾತಿನ ಓಟದಲ್ಲಿ ಓದುತ್ತದೆ. ಓಟ ಬಾರದೆ ಅರ್ಥ ಬರುವುದು ಕಷ್ಟ, ಏಕೆಂದರೆ ಸಾಲಿನ ಕೊನೆ ಮುಟ್ಟುವ ಹೊತ್ತಿಗೆ ಮೊದಲ ಪದ ಮರೆತಿರುತ್ತದೆ.

ಓದಲು ಬರುವ ತಂದೆ-ತಾಯಿಯರಿಗೆ ಒಂದು ಕಿವಿಮಾತು. ಮಗು ತಡೆದ ಕೂಡಲೇ ಪದ ಹೇಳಿಬಿಡಬೇಡಿ. ಮನಸ್ಸಿನಲ್ಲಿ ಐದು ಎಣಿಸಿ. ಆಮೇಲೆ ಬೆರಳಿನಿಂದ ಪದ ಮುಚ್ಚಿ, ಒಂದೊಂದೇ ಅಕ್ಷರ ತೆರೆದು ತೋರಿಸಿ. ಆಗಲೂ ಬರದಿದ್ದರೆ ಹೇಳಿಬಿಡಿ, ಸಾಲನ್ನು ಮೊದಲಿನಿಂದ ಓದಿಸಿ. ಉದ್ದ ಪದ ಬಂದರೆ ಬೇರಿನಿಂದ ಬಿಡಿಸಿ: ಓಡು, ಓಡುತ್ತ, ಓಡುತ್ತಿದ್ದ, ಓಡುತ್ತಿದ್ದಳು. 50 ಪದದಲ್ಲಿ ಐದಕ್ಕಿಂತ ಹೆಚ್ಚು ತಪ್ಪಾದರೆ ಆ ಪುಸ್ತಕ ಇವತ್ತಿಗೆ ಕಷ್ಟದ್ದು. ಅದನ್ನು ನೀವೇ ಓದಿ ಹೇಳಿ.

"ಮನೆಗೆ ಹೋಗುತ್ತಾಳೆ" ಅಂತ ಇದ್ದದ್ದನ್ನು ಮಗು "ಮನಿಗಿ ಹೋಗ್ತಾಳ" ಅಂತ ಓದಿದರೆ ತಪ್ಪು ಹಾಕಬೇಡಿ. ಅರ್ಥ ತಿಳಿದು ತನ್ನ ಮಾತಿಗೆ ತಂದುಕೊಂಡಿದೆ. ಇನ್ನೊಮ್ಮೆ ಬೆರಳಿಟ್ಟು ಓದಿಸಿ, ಅಷ್ಟೆ. ತುಳು ಮನೆಯ ಮಕ್ಕಳದು ಇದಕ್ಕೆ ತಿರುಗಾಮುರುಗಾ. "ಗರಗಸ"ವನ್ನು ತಪ್ಪಿಲ್ಲದೆ ಓದಿ, ಅದೇನು ಅಂತ ಗೊತ್ತಿಲ್ಲದೆ ಕೂತಿರುತ್ತಾರೆ. ಅವರಿಗೆ ಓದಿಸುವ ಮೊದಲು ಚಿತ್ರ ತೋರಿಸಿ ಮಾತಾಡಿಸಬೇಕು.

ಠಾಣೆಯ ಓದುಗ

ಪುಸ್ತಕಕ್ಕೆ ಪ್ರಥಮ್ ಬುಕ್ಸ್‌ನವರ ಸ್ಟೋರಿವೀವರ್ ಜಾಲತಾಣ ನೋಡಿ. 2015ರಿಂದ ಇದೆ, ಉಚಿತ. ಕನ್ನಡ, ಮರಾಠಿ ಎರಡೂ ಸಿಗುತ್ತವೆ, ಪಿಡಿಎಫ್ ಇಳಿಸಿ ಮುದ್ರಿಸಬಹುದು. ಎಲ್ಲಕ್ಕಿಂತ ಸುಲಭದ ಹಂತ 1ರಲ್ಲೂ ಒತ್ತಕ್ಷರ ಬರುತ್ತವೆ, ಹಾಗಾಗಿ ಹಂತದ ಸಂಖ್ಯೆ ನೋಡಿ ಕೊಡಬೇಡಿ, ಒಮ್ಮೆ ನೀವೇ ಓದಿ ನೋಡಿ. ಒಂದೇ ಕಥೆಯ ಮರಾಠಿ ಪ್ರತಿಯನ್ನು ಮೊದಲು ಓದಿದ ಮಗು ಕನ್ನಡ ಪ್ರತಿಯನ್ನು ಧೈರ್ಯವಾಗಿ ಹಿಡಿಯುತ್ತದೆ.

ಪಿಂಪ್ರಿ ಭಾನುವಾರ ವರ್ಗ

ಕೊನೆಯದಾಗಿ, ಒಂದೂವರೆ ಗಂಟೆಯನ್ನು ಹೇಗೆ ಹಂಚಲಿ?

ಡೊಂಬಿವಲಿ ಟೀಚರ್

ಮೊದಲ 10 ನಿಮಿಷ ಎಲ್ಲರೂ ಒಟ್ಟಿಗೆ ಹಾಡು, ಪದಕ್ಕೆ ಚಪ್ಪಾಳೆ: ಕ-ಮ-ಲ ಮೂರು, ಅಕ್-ಕ ಎರಡು. 20 ನಿಮಿಷ ನೀವು ಜೋರಾಗಿ ಕಥೆ ಓದಿ, ಪ್ರತಿ ಸಾಲಿನ ಕೆಳಗೆ ಬೆರಳು ಹೋಗಲಿ, ಮಕ್ಕಳಿಗೆ ಕಾಣುವ ಹಾಗೆ. ಮುಂದಿನ 40 ನಿಮಿಷ ಮೂರು ಗುಂಪು, ಒಬ್ಬೊಬ್ಬ ದೊಡ್ಡವರು ಒಂದೊಂದಕ್ಕೆ. ಅಕ್ಷರದ ಗುಂಪಿಗೆ ಚೀಟಿ, ಪದದ ಗುಂಪಿಗೆ ಪದ ಕಟ್ಟುವುದು, ವಾಕ್ಯ ಓದುವವರಿಗೆ ಜೋಡಿ ಓದು. ಉಳಿದ 20 ನಿಮಿಷದಲ್ಲಿ ಉಕ್ತಲೇಖನ, ಮತ್ತೆ ಮನೆಗೆ ಒಯ್ಯುವ ಪುಸ್ತಕವನ್ನು ಪ್ರತಿ ಮಗುವಿನಿಂದ ಒಂದು ಪುಟ ಓದಿಸಿ ಕಳಿಸುವುದು. ಆ ಒಂದು ಪುಟವನ್ನು ಮಾತ್ರ ತಪ್ಪಿಸಬೇಡಿ. ವರ್ಗದಲ್ಲೇ ತೆರೆಯದ ಪುಸ್ತಕ ಮುಂದಿನ ಭಾನುವಾರ ಹಾಗೇ ವಾಪಸ್ ಬರುತ್ತದೆ.