ಎಸ್‌ಎಸ್‌ಡಿ ಹಾಕಿದೆ, ರ್‍ಯಾಮ್ ಹಾಕಿದೆ, ಲ್ಯಾಪ್‌ಟಾಪ್ ಇನ್ನೂ ತೆವಳ್ತಾನೇ ಇದೆ

ಮೂಲೆಮನೆ:
ತಲೆ ಕೆಟ್ಟುಹೋಗಿದೆ. ಹಳೇ ಲ್ಯಾಪ್‌ಟಾಪ್ ಎಸೆಯೋಕೆ ಮನಸ್ಸಾಗದೆ ಹಾರ್ಡ್‌ಡಿಸ್ಕ್ ತೆಗೆದು 240 ಜಿಬಿ ಎಸ್‌ಎಸ್‌ಡಿ ಹಾಕಿದೆ. 4 ಜಿಬಿ ರ್‍ಯಾಮ್ ಇತ್ತು, 8 ಮಾಡಿದೆ. ಹೊಸದರ ಥರ ಓಡುತ್ತೆ ಅಂದವರೇ ಎಲ್ಲ. ಎಲ್ಲಿ ಓಡ್ತು? ಎರಡು ಟ್ಯಾಬ್ ತೆರೆದ್ರೆ ಮೌಸ್ ಬಾಣ ನಿಂತುಬಿಡುತ್ತೆ. ಟೈಪ್ ಮಾಡಿದ ಅಕ್ಷರ ಪುರುಸೊತ್ತು ಮಾಡ್ಕೊಂಡು ಬರುತ್ತೆ. ಎಸ್‌ಎಸ್‌ಡಿನೇ ಡೂಪ್ಲಿಕೇಟ್ ಇರಬಹುದಾ?

ಸ್ಕ್ರೂ_ಬಿಚ್ಚಪ್ಪ:
ಪ್ರೊಸೆಸರ್ ಯಾವುದು? ಓಎಸ್ ಯಾವುದು?

ಮೂಲೆಮನೆ:
ಐ5. ವಿಂಡೋಸ್ 10.

ಸ್ಕ್ರೂ_ಬಿಚ್ಚಪ್ಪ:
ಐ5 ಅನ್ನೋದು 2009ರಿಂದ ಇದೆ ಗುರು. ಪೂರ್ತಿ ನಂಬರ್ ಹಾಕಿ.

ಮೂಲೆಮನೆ:
ಐ5-4210ಯು ಅಂತ ತೋರಿಸ್ತಿದೆ.

ತಾಜಾ_ವಿಂಡೋಸ್:
ಹಳೇ ಡಿಸ್ಕನ್ನ ಕ್ಲೋನ್ ಮಾಡಿದ್ರಾ, ಅಂದ್ರೆ ಇದ್ದಂಗೇ ನಕಲು? ಹಾಗಿದ್ರೆ ಕಾರಣ ಅದೇ. ಎಷ್ಟೋ ವರ್ಷದ ಕಸ ಎಲ್ಲ ಗಂಟು ಕಟ್ಕೊಂಡು ಹೊಸ ಮನೆಗೆ ತಂದಂಗೆ. ಫಾರ್ಮ್ಯಾಟ್ ಮಾಡಿ ಫ್ರೆಶ್ ಇನ್‌ಸ್ಟಾಲ್ ಮಾಡಿ.

ಮೂಲೆಮನೆ:
ಹೌದು, ಕ್ಲೋನ್. ಆದ್ರೆ ಇದೇ ವಿಂಡೋಸ್ ಹೋದ ವರ್ಷ ಹಾರ್ಡ್‌ಡಿಸ್ಕ್‌ನಲ್ಲೇ ಇದಕ್ಕಿಂತ ಚೆನ್ನಾಗಿ ಓಡ್ತಿತ್ತಲ್ಲ?

ತಾಜಾ_ವಿಂಡೋಸ್:
ಅಲೈನ್‌ಮೆಂಟ್ ತಪ್ಪಿರುತ್ತೆ, ಅಂದ್ರೆ ಪಾರ್ಟಿಷನ್ (ಡಿಸ್ಕಿನ ಭಾಗ) ಎಸ್‌ಎಸ್‌ಡಿಯ ಬ್ಲಾಕ್ ಗಡಿಗೆ ಸರಿಯಾಗಿ ಶುರುವಾಗಿರಲ್ಲ. ಫ್ರೆಶ್ ಇನ್‌ಸ್ಟಾಲ್.

ಕ್ಯಾಡಿ_ಕೃಷ್ಣ:
ವಿಸ್ಟಾ ಕಾಲದಿಂದಲೂ ವಿಂಡೋಸ್ ಪಾರ್ಟಿಷನ್ನನ್ನ 1 ಎಂಬಿಯಿಂದಲೇ ಶುರು ಮಾಡುತ್ತೆ. ಅಲೈನ್‌ಮೆಂಟ್ ಕಥೆ ಎಕ್ಸ್‌ಪಿ ಕಾಲದ್ದು. ನಂದೂ ಕ್ಲೋನೇ. ಡಿವಿಡಿ ಡ್ರೈವ್ ಕಿತ್ತು ಆ ಜಾಗಕ್ಕೆ ಕ್ಯಾಡಿ (ಡಿಸ್ಕ್ ಕೂರಿಸೋ ತಟ್ಟೆ) ಹಾಕಿ ಹಳೇ ಡಿಸ್ಕನ್ನೂ ಉಳಿಸ್ಕೊಂಡಿದೀನಿ. ಎಸ್‌ಎಸ್‌ಡಿ ಒಳಗಿನ ಸ್ಲಾಟ್‌ಗೆ, ಡಿಸ್ಕ್ ಕ್ಯಾಡಿಗೆ. 16 ಜಿಬಿ ರ್‍ಯಾಮ್, ಬ್ಯಾಕ್‌ಲೈಟ್ ಕೀಬೋರ್ಡ್ ಬೇರೆ ಕೂರಿಸಿದೀನಿ. ಫೋಟೋ ಹಾಕ್ಲಾ?

ಸ್ಕ್ರೂ_ಬಿಚ್ಚಪ್ಪ:
ಬೇಡ.

ಪೆಂಗ್ವಿನ್_ಪಕ್ಷ:
ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ಕ್ಕೇ ಸಪೋರ್ಟ್ ಮುಗೀತು. 11 ನಿಮ್ಮ ನಾಲ್ಕನೇ ಜನರೇಷನ್ ಪ್ರೊಸೆಸರನ್ನ ಅಧಿಕೃತವಾಗಿ ಒಪ್ಪಲ್ಲ. ವಿಂಡೋಸ್ ಬದಲು ಲಿನಕ್ಸ್ ಮಿಂಟ್ ಓಎಸ್ ಹಾಕಿ, ಎಲ್ಲ ಸರಿಹೋಗುತ್ತೆ.

ಮೂಲೆಮನೆ:
ಪೆನ್‌ಡ್ರೈವ್‌ನಿಂದ ಮಿಂಟ್ ಲೈವ್ ಹಾಕಿ, ಅಂದ್ರೆ ಇನ್‌ಸ್ಟಾಲ್ ಮಾಡದೇ ಓಡಿಸಿ ನೋಡ್ದೆ. ಅದೂ ತೆವಳ್ತು.

ಪೆಂಗ್ವಿನ್_ಪಕ್ಷ:
ಪೆನ್‌ಡ್ರೈವ್ ಸ್ಲೋ ಇರುತ್ತೆ.

ಸ್ಕ್ರೂ_ಬಿಚ್ಚಪ್ಪ:
ಹೊಸ ರ್‍ಯಾಮ್ ಡಿಡಿಆರ್3ಎಲ್ ತಾನೆ? ಈ ಪ್ರೊಸೆಸರ್‌ಗೆ 1.35 ವೋಲ್ಟಿಂದು ಬೇಕು, ಹಳೇ 1.5 ವೋಲ್ಟಿಂದಲ್ಲ. ನನಗೆ ರ್‍ಯಾಮ್ ಮೇಲೇ ಅನುಮಾನ. ಹೊಸದನ್ನ ತೆಗೆದು ಹಳೇದರಲ್ಲಿ ಓಡಿಸಿ ನೋಡಿ.

ಮೂಲೆಮನೆ:
ನೋಡ್ದೆ. ವ್ಯತ್ಯಾಸ ಇಲ್ಲ. ತಿರುಗಾ ಬಿಚ್ಚೋವಾಗ ಒಂದು ಸ್ಕ್ರೂ ಕಳೀತು, ಅಷ್ಟೇ.

ಉಗುರುಬಿಸಿ:
ಎಲ್ಲರೂ ಸ್ವಲ್ಪ ಸುಮ್ನಿರಿ. ಟಾಸ್ಕ್ ಮ್ಯಾನೇಜರ್ ತೆರೀರಿ, ಪರ್ಫಾರ್ಮೆನ್ಸ್, ಸಿಪಿಯು. ಒಂದು ವಿಡಿಯೋ ಓಡ್ತಿರಲಿ. ಅಲ್ಲಿ ‘ಸ್ಪೀಡ್’ ಎಷ್ಟಿದೆ?

ಮೂಲೆಮನೆ:
0.78 ಗಿಗಾಹರ್ಟ್ಸ್. ಅಲುಗಾಡಲ್ಲ. ಸಿಪಿಯು 100% ತೋರಿಸ್ತಿದೆ.

ಉಗುರುಬಿಸಿ:
ಸಿಕ್ತು. ಆ ಪ್ರೊಸೆಸರ್ ಮಾಮೂಲಿಯಾಗಿ 1.7, ಟರ್ಬೋದಲ್ಲಿ 2.7ರವರೆಗೆ ಹೋಗಬೇಕು. ಯಾವುದೋ ಅದರ ಕಾಲು ಕಟ್ಟಿಹಾಕಿದೆ. ಬಿಸಿಯಾ? ಚಾರ್ಜರ್ ಅದರದ್ದೇನಾ?

ಮೂಲೆಮನೆ:
ಬಿಸಿ ಇಲ್ಲ, 50 ಡಿಗ್ರಿ ದಾಟಲ್ಲ. ಚಾರ್ಜರ್ ತಮ್ಮನ ಲ್ಯಾಪ್‌ಟಾಪಿಂದು. ನಂದು ಸುಟ್ಟುಹೋಯ್ತು. ಪಿನ್ ಕೂರುತ್ತಲ್ಲ, ಅದಕ್ಕೇನು? ಬ್ಯಾಟರಿ ಉಬ್ಬಿತ್ತು ಅಂತ ತೆಗೆದಿಟ್ಟಿದೀನಿ. ಆವತ್ತಿಂದ ಆನ್ ಮಾಡಿದಾಗಲೆಲ್ಲ ಅಡಾಪ್ಟರ್ ಬಗ್ಗೆ ಏನೋ ಬರುತ್ತೆ, ಎಫ್1 ಒತ್ತಿ ಮುಂದೆ ಹೋಗ್ತೀನಿ.

ಸ್ಕ್ರೂ_ಬಿಚ್ಚಪ್ಪ:
ಇದನ್ನ ಮೊದಲನೇ ಸಾಲಲ್ಲೇ ಹೇಳಬಾರದಿತ್ತಾ! ಎತ್ತಿಗೆ ಜ್ವರ ಅಂದ್ರೆ ಎಮ್ಮೆಗೆ ಬರೆ ಎಳೆದಂಗಾಯ್ತು.

ಉಗುರುಬಿಸಿ:
ಬೈಬೇಡಿ, ಪಿನ್ ಕೂತ್ರೆ ಸಾಕು ಅಂತ ನಾನೂ ಒಂದು ಕಾಲದಲ್ಲಿ ಅಂದ್ಕೊಂಡಿದ್ದೆ. ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ಚಾರ್ಜರ್ ಪಿನ್ನಿನ ನಡುವೆ ಸೂಜಿಯಂಥ ಕಡ್ಡಿ ಇರುತ್ತೆ. ತಾನು ಎಷ್ಟು ವ್ಯಾಟ್ ಅಂತ ಬೋರ್ಡಿಗೆ ಹೇಳೋದು ಅದೇ. ಆ ಸಂದೇಶ ಬರದಿದ್ರೆ ಬೋರ್ಡು ಹೆದರಿ ಪ್ರೊಸೆಸರನ್ನ 0.8ರ ಆಸುಪಾಸಿಗೆ ಇಳಿಸಿಬಿಡುತ್ತೆ. ಬ್ಯಾಟರಿ ಇಲ್ದೇ ಇದ್ರೂ ಕೆಲವು ಹೀಗೇ ಮಾಡ್ತವೆ. ಬಯೋಸ್‌ನಲ್ಲಿ (ವಿಂಡೋಸ್ ಶುರುವಾಗೋ ಮುಂಚಿನ ಸೆಟ್ಟಿಂಗ್ಸ್) ಅಡಾಪ್ಟರ್ ಎಷ್ಟು ವ್ಯಾಟ್ ಅಂತಿದೆ ನೋಡಿ. ಉಬ್ಬಿದ ಬ್ಯಾಟರಿನ ಮಾತ್ರ ಮನೇಲಿ ಇಟ್ಕೊಬೇಡಿ, ಚುಚ್ಚಬೇಡಿ, ಇ-ತ್ಯಾಜ್ಯ ತಗೊಳ್ಳೋರಿಗೆ ಕೊಡಿ.

ಮೂಲೆಮನೆ:
ಬಯೋಸ್‌ನಲ್ಲಿ ‘ಅನ್‌ನೋನ್’ ಅಂತಿದೆ.

ಕ್ಯಾಡಿ_ಕೃಷ್ಣ:
ಥ್ರಾಟಲ್‌ಸ್ಟಾಪ್ ಅನ್ನೋ ತಂತ್ರಾಂಶದಲ್ಲಿ ‘ಬಿಡಿ ಪ್ರೊಕ್‌ಹಾಟ್’ ಟಿಕ್ ತೆಗೀರಿ, ಬೋರ್ಡು ಹೇಳಿದ್ರೂ ಪ್ರೊಸೆಸರ್ ವೇಗ ಇಳಿಸಲ್ಲ. ಎರಡೇ ನಿಮಿಷ.

ಉಗುರುಬಿಸಿ:
ಪರೀಕ್ಷೆಗೆ ಸರಿ, ಕಾಯಂ ಬೇಡ. ಚಾರ್ಜರ್ ಕಡಿಮೆ ವ್ಯಾಟಿಂದಾದ್ರೆ ಅದು ಕಾದು ಸಾಯುತ್ತೆ. ತಳದ ಲೇಬಲ್‌ನಲ್ಲಿ ಇರೋ ವೋಲ್ಟು, ವ್ಯಾಟಿಗೇ ಹೊಂದೋದು ತಗೊಳ್ಳಿ.

ಮೂಲೆಮನೆ (ಒಂಬತ್ತು ದಿನ ಬಿಟ್ಟು):
65 ವ್ಯಾಟಿಂದು ಅದರದ್ದೇ ಚಾರ್ಜರ್ ಬಂತು. ಎಫ್1 ಕೇಳಲಿಲ್ಲ. ಸ್ಪೀಡ್ 2ರ ಮೇಲೆ. ಹದಿನೈದು ಟ್ಯಾಬ್ ತೆರೆದಿದೀನಿ, ಬಾಣ ಜಾರ್ತಾ ಇದೆ. ಉಗುರುಬಿಸಿಯವರಿಗೆ ದೊಡ್ಡ ನಮಸ್ಕಾರ. ತಮ್ಮನ ಚಾರ್ಜರ್ ವಾಪಸ್ ಕೊಟ್ಟೆ, ಅವನ ಲ್ಯಾಪ್‌ಟಾಪೂ ಆರು ತಿಂಗಳಿಂದ ಮುಚ್ಚಿಟ್ಟಿತ್ತಂತೆ.

ತಾಜಾ_ವಿಂಡೋಸ್:
ಒಳ್ಳೇದಾಯ್ತು. ಈಗ ಫ್ರೆಶ್ ಇನ್‌ಸ್ಟಾಲ್ ಮಾಡಿಬಿಡಿ.

ಮೂಲೆಮನೆ:
ಮಾಡಲ್ಲ.