ಇಂಗ್ಲೆಂಡಿನ ಹಳ್ಳಿಯಲ್ಲಿ ಡಿಸ್ಟ್ರಿಕ್ಟ್ ಕೌನ್ಸಿಲ್ ಚುನಾವಣೆ: ಇಂಡಿಯನ್ ಪಾಸ್‌ಪೋರ್ಟ್ ಇರೋ ನನಗೂ ವೋಟಿದೆಯಾ?

ಹೇಮಾವತಿ ದಂಡೆಯವಳು
9 ಏಪ್ರಿಲ್ 2023

ಎಲ್ಲರಿಗೂ ನಮಸ್ಕಾರ. ನಾನು ಸಕಲೇಶಪುರದ ಕಡೆಯವಳು. ಹೋದ ವರ್ಷ ಜುಲೈನಲ್ಲಿ ಕೇರ್ ಹೋಮ್ ಕೆಲಸಕ್ಕೆ ಅಂತ ವೀಸಾ ಮೇಲೆ ಬಂದೆ. ಇರೋದು ಸಫೋಕ್‌ನಲ್ಲಿ, ಸ್ಟೋಮಾರ್ಕೆಟ್‌ನಿಂದ ಏಳು ಮೈಲಿ ಒಳಗಿರೋ ಒಂದು ಹಳ್ಳಿ. ಒಂದು ಚರ್ಚು, ಒಂದು ಪಬ್ಬು, ಒಂದು ವಿಲೇಜ್ ಹಾಲ್. ಉಳಿದದ್ದೆಲ್ಲ ಗೋಧಿ, ಬಾರ್ಲಿ, ರೇಪ್‌ಸೀಡ್ ಹೊಲ. ಕನ್ನಡ ಮಾತಾಡೋರು ಸುತ್ತಮುತ್ತ ಯಾರೂ ಇಲ್ಲ, ಅದಕ್ಕೇ ಇಲ್ಲಿ ಕೇಳ್ತಿದ್ದೀನಿ.

ಬುಧವಾರ ನೈಟ್ ಶಿಫ್ಟ್ ಮುಗಿಸಿ ಮಲಗಿದ್ದೆ. ಬಾಗಿಲು ಬಡಿದ ಸದ್ದಾಯ್ತು. ಎದ್ದು ನೋಡಿದರೆ ಎಪ್ಪತ್ತರ ಹತ್ತಿರದ ಒಬ್ಬ ಹೆಂಗಸು. ಬೂಟಿಗೆ ಕೆಸರು ಮೆತ್ತಿತ್ತು, ಎದೆ ಮೇಲೆ ಪಕ್ಷದ ಬಣ್ಣದ ರಿಬ್ಬನ್ ಹೂವು, ಕೈಯಲ್ಲಿ ಕರಪತ್ರ. ಮೇ 4ಕ್ಕೆ ಡಿಸ್ಟ್ರಿಕ್ಟ್ ಕೌನ್ಸಿಲ್ ಚುನಾವಣೆ, ನಾನೇ ಅಭ್ಯರ್ಥಿ ಅಂದರು. ಜೊತೆಗೆ ಒಬ್ಬರೂ ಇಲ್ಲ, ಒಂದು ಕಾರೂ ಇಲ್ಲ. ನಾನು ಈ ದೇಶದ ಪ್ರಜೆ ಅಲ್ಲ, ನನ್ನ ವೋಟಿಲ್ಲ ಅಂದೆ. ಯಾವ ದೇಶ ಅಂತ ಕೇಳಿದರು. ಇಂಡಿಯಾ ಅಂದ ಕೂಡಲೇ, ಹಾಗಾದರೆ ನಿಮಗೆ ವೋಟಿದೆ, ಹೆಸರು ಸೇರಿಸಿಕೊಳ್ಳಿ ಅಂದರು. ಆಮೇಲೆ ಒಂದು ಸಣ್ಣ ನೋಟ್‌ಬುಕ್ ತೆಗೆದು, ಈ ಬೀದಿಯಲ್ಲಿ ಏನಾಗಬೇಕು ಹೇಳಿ ಅಂತ ಪೆನ್ ಹಿಡಿದು ನಿಂತರು. ನಿದ್ದೆಗಣ್ಣಲ್ಲಿ ನನಗೆ ಒಂದೂ ತೋಚಲಿಲ್ಲ. ಬಾಗಿಲು ಹಾಕಿದ ಮೇಲೆ ಹತ್ತು ವಿಷಯ ನೆನಪಾದವು. ಬಸ್ ಸ್ಟಾಪಲ್ಲಿ ದೀಪ ಇಲ್ಲ. ಬೆಳಗ್ಗೆ ಐದೂವರೆಗೆ ಅಲ್ಲಿ ಕತ್ತಲಲ್ಲೇ ನಿಲ್ತೀನಿ. ಅದನ್ನಾದರೂ ಹೇಳಬಹುದಿತ್ತು.

ನನಗೆ ಇದು ಯಾಕೆ ಮನಸ್ಸಿಗೆ ತಾಗಿತು ಅಂತ ಹೇಳ್ತೀನಿ. ನಮ್ಮಮ್ಮ 2010ರಿಂದ ಐದು ವರ್ಷ ಗ್ರಾಮ ಪಂಚಾಯಿತಿ ಮೆಂಬರ್ ಆಗಿದ್ದರು, ಮಹಿಳಾ ಮೀಸಲು ಸೀಟಿನಲ್ಲಿ. ಮೊದಮೊದಲು ಸಭೆಗೆ ಅಪ್ಪನೂ ಜೊತೆಗೆ ಹೋಗೋರು. ಆರು ತಿಂಗಳಾದ ಮೇಲೆ ಅಮ್ಮ, ಇನ್ನು ನೀವು ಬರೋದು ಬೇಡ ಅಂದುಬಿಟ್ಟರು. ನಮ್ಮ ಕೇರಿಗೆ ನೀರಿನ ಪೈಪು ಬರೋ ತನಕ ಪ್ರತಿ ಸಭೆಯಲ್ಲೂ ಅದೊಂದೇ ಮಾತು ಎತ್ತುತ್ತಿದ್ದರು. ಅವರೂ ಹೀಗೇ ಮನೆಮನೆಗೆ ಒಂದು ನೋಟ್‌ಬುಕ್ ಹಿಡಿದು ಹೋಗುತ್ತಿದ್ದದ್ದು.

ಮೇ 10ಕ್ಕೆ ಊರಲ್ಲಿ ವಿಧಾನಸಭೆ ಚುನಾವಣೆ. ನಾವು ಹೊರದೇಶದಲ್ಲಿ ಇರೋರು ಅಲ್ಲಿಗೆ ಹೋಗಿಯೇ ಹಾಕಬೇಕು, ಅಂಚೆಯಲ್ಲಿ ಆಗಲ್ಲ. ನನಗೆ ರಜೆಯೂ ಇಲ್ಲ, ಟಿಕೆಟ್ಟಿಗೆ ದುಡ್ಡೂ ಇಲ್ಲ. ಹದಿನೆಂಟು ತುಂಬಿದ ಮೇಲೆ ಒಂದು ವೋಟನ್ನೂ ತಪ್ಪಿಸಿದವಳಲ್ಲ, ಅದಕ್ಕೇ ಬೇಜಾರು.

ಆ ಹೆಂಗಸು ಹೇಳಿದ್ದು ನಿಜವಾ? ವೋಟು ಹಾಕಿದರೆ ವೀಸಾಗೆ ತೊಂದರೆ ಆಗುತ್ತಾ? ಈ ಡಿಸ್ಟ್ರಿಕ್ಟ್ ಕೌನ್ಸಿಲ್ ಕೈಯಲ್ಲಿ ನಿಜವಾಗಿ ಏನಿದೆ? ತಿಳಿದವರು ದಯವಿಟ್ಟು ಹೇಳಿ.

ಗುಬ್ಬಿ ಮಾಸ್ತರ
10 ಏಪ್ರಿಲ್ 2023

ತಂಗೀ, ಅವರು ಹೇಳಿದ್ದು ನೂರಕ್ಕೆ ನೂರು ನಿಜ. ಕಾಮನ್‌ವೆಲ್ತ್ ದೇಶದ ಪ್ರಜೆ, ಇಲ್ಲಿರೋಕೆ ಸರಿಯಾದ ವೀಸಾ, ಇಲ್ಲಿನ ವಿಳಾಸ, 18 ವರ್ಷ. ಇಷ್ಟಿದ್ದರೆ ಕೌನ್ಸಿಲ್ಲಿಗೂ ವೋಟಿದೆ, ಪಾರ್ಲಿಮೆಂಟಿಗೂ ವೋಟಿದೆ. ವೀಸಾಗೂ ಏನೂ ಆಗಲ್ಲ, ನಮ್ಮ ಪೌರತ್ವಕ್ಕೂ ಏನೂ ಆಗಲ್ಲ. ಚುನಾವಣೆಗೆ ನಿಲ್ಲಬೇಕು ಅಂದರೆ ಮಾತ್ರ ಐಎಲ್‌ಆರ್, ಅಂದರೆ ಇಲ್ಲಿ ಕಾಯಂ ಆಗಿ ಇರೋ ಅನುಮತಿ ಬೇಕು. ನಾನು ನಿಮ್ಮ ಪಕ್ಕದ ನಾರ್ಫೋಕ್‌ನಲ್ಲಿ ಹದಿನಾರು ವರ್ಷದಿಂದ ಇದ್ದೀನಿ, ಮೂರು ಚುನಾವಣೆಯಲ್ಲಿ ಪೋಲ್ ಕ್ಲರ್ಕ್ ಆಗಿ ಕೂತಿದ್ದೀನಿ. ನೋಡಿದ್ದನ್ನೇ ಹೇಳ್ತೀನಿ.

ಮೊದಲು ಹೆಸರು ಸೇರಿಸು. ಏಪ್ರಿಲ್ 17, ಸೋಮವಾರ ರಾತ್ರಿ 12ರ ಒಳಗೆ. ಆನ್‌ಲೈನಲ್ಲಿ ಐದು ನಿಮಿಷದ ಕೆಲಸ, ನ್ಯಾಷನಲ್ ಇನ್ಶೂರೆನ್ಸ್ ನಂಬರ್ ಕೈಯಲ್ಲಿಟ್ಟುಕೋ. ನಮ್ಮವರು ಎಡವೋದು ಹೆಸರಲ್ಲಿ. ಊರಿನ ಹೆಸರು, ಅಪ್ಪನ ಹೆಸರು ಎಲ್ಲ ಇನಿಷಿಯಲ್ ಆಗಿರುತ್ತೆ, ಪಾಸ್‌ಪೋರ್ಟಲ್ಲಿ ಅದನ್ನೇ ಬಿಡಿಸಿ ಉದ್ದಕ್ಕೆ ಬರೆದಿರ್ತಾರೆ. ಪಾಸ್‌ಪೋರ್ಟಲ್ಲಿ ಹೇಗಿದೆಯೋ ಹಾಗೇ ಬರಿ. ಯಾಕೆಂದರೆ ಇಂಗ್ಲೆಂಡಿನಲ್ಲಿ ಈ ಸಲದಿಂದ ಫೋಟೋ ಐಡಿ ಕಡ್ಡಾಯ, ಲಿಸ್ಟಿನ ಹೆಸರಿಗೂ ಐಡಿಯ ಹೆಸರಿಗೂ ತಾಳೆ ನೋಡ್ತಾರೆ. ಇಂಡಿಯನ್ ಪಾಸ್‌ಪೋರ್ಟ್ ನಡೆಯುತ್ತೆ, ವೀಸಾದವರ ಗುರುತಿನ ಕಾರ್ಡು ಬಿಆರ್‌ಪಿಯೂ ನಡೆಯುತ್ತೆ. ಊರಿನ ಡ್ರೈವಿಂಗ್ ಲೈಸೆನ್ಸ್ ನಡೆಯಲ್ಲ. ನಿಮ್ಮ ಅಕ್ಕಪಕ್ಕದ ವಯಸ್ಸಾದವರ ಹತ್ತಿರ ಪಾಸ್‌ಪೋರ್ಟೂ ಇಲ್ಲ, ಲೈಸೆನ್ಸೂ ಇಲ್ಲ ಅಂದರೆ ಹಿರಿಯರ ಬಸ್ ಪಾಸ್ ಸಾಕು ಅಂತ ಹೇಳು. ಅದೂ ಇಲ್ಲದವರಿಗೆ ವೋಟರ್ ಅಥಾರಿಟಿ ಸರ್ಟಿಫಿಕೇಟ್ ಅಂತ ಪುಕ್ಕಟೆ ಕೊಡ್ತಾರೆ, ಏಪ್ರಿಲ್ 25ರ ಸಂಜೆ 5ರ ಒಳಗೆ ಅರ್ಜಿ ಹಾಕಬೇಕು. ನಿನ್ನ ಕೇರ್ ಹೋಮಿನಲ್ಲಿರೋ ಹಿರಿಯರಿಗೂ ವೋಟಿದೆ, ಅವರನ್ನು ಮರೀಬೇಡ.

ಇನ್ನು ಯಾರ ಕೈಯಲ್ಲಿ ಏನಿದೆ ಅನ್ನೋದು. ನಿಮ್ಮಮ್ಮನಿಗೆ ಹೇಳೋ ಹಾಗೆ ಹೇಳೋದಾದರೆ ಪ್ಯಾರಿಶ್ ಕೌನ್ಸಿಲ್ ಗ್ರಾಮ ಪಂಚಾಯಿತಿ, ಡಿಸ್ಟ್ರಿಕ್ಟ್ ಅಂದರೆ ತಾಲೂಕು ಪಂಚಾಯಿತಿ, ಕೌಂಟಿ ಅಂದರೆ ಜಿಲ್ಲಾ ಪಂಚಾಯಿತಿ. ರಸ್ತೆ, ಶಾಲೆ, ಲೈಬ್ರರಿ, ವೃದ್ಧರ ಆರೈಕೆ ಎಲ್ಲ ಕೌಂಟಿ. ಕಸದ ಬಿನ್ನು, ಕಡಿಮೆ ಬಾಡಿಗೆ ಮನೆ, ಹೊಸ ಮನೆ ಕಟ್ಟೋಕೆ ಅನುಮತಿ ಡಿಸ್ಟ್ರಿಕ್ಟ್. ಆಟದ ಮೈದಾನ, ಸ್ಮಶಾನ, ಬಸ್ ಶೆಲ್ಟರ್ ಇಂಥವು ಪ್ಯಾರಿಶ್. ಕೌನ್ಸಿಲ್ ಟ್ಯಾಕ್ಸ್ ಬಿಲ್ ಕಳಿಸೋದು ಡಿಸ್ಟ್ರಿಕ್ಟು, ಆದರೆ ಅದರಲ್ಲಿ ದೊಡ್ಡ ಪಾಲು ಕೌಂಟಿಗೆ ಹೋಗುತ್ತೆ. ಬೈಯಿಸಿಕೊಳ್ಳೋದು ಮಾತ್ರ ಡಿಸ್ಟ್ರಿಕ್ಟ್ ಮೆಂಬರು! ಗುಂಡಿ ಬಿದ್ದ ರಸ್ತೆಗೆ, ಡಾಕ್ಟರ್ ಸಿಗದಿದ್ದಕ್ಕೆ, ಎಲ್ಲದಕ್ಕೂ. ನಿಮ್ಮ ಮಿಡ್ ಸಫೋಕ್‌ನಲ್ಲಿ ಇನ್ನೂ ಗೊಂದಲ. 2017ರಿಂದ ಡಿಸ್ಟ್ರಿಕ್ಟ್ ಆಫೀಸು ಇರೋದು ಡಿಸ್ಟ್ರಿಕ್ಟಿನ ಗಡಿಯ ಹೊರಗೆ, ಇಪ್ಸ್‌ವಿಚ್‌ನ ಎಂಡೆವರ್ ಹೌಸ್‌ನಲ್ಲಿ. ಅದೇ ಕಟ್ಟಡದಲ್ಲಿ ಕೌಂಟಿ ಆಫೀಸೂ ಇದೆ.

ಆದರೂ ಡಿಸ್ಟ್ರಿಕ್ಟ್ ಸಣ್ಣದು ಅಂದುಕೋಬೇಡ. ಹಳ್ಳಿಯ ಅಂಚಿನ ಹೊಲದಲ್ಲಿ ಎಂಬತ್ತು ಮನೆ ಏಳಬೇಕಾ ಬೇಡವಾ, ಎದ್ದರೆ ಅದರಲ್ಲಿ ನಿನ್ನಂಥ ಸಂಬಳದವರಿಗೆ ಎಷ್ಟು ಮನೆ, ಬಿಲ್ಡರ್ ಕೊಡೋ ದುಡ್ಡಲ್ಲಿ ಊರಿಗೆ ಏನು ಬರುತ್ತೆ, ಇದು ಅವರ ಮೇಜಿನ ಮೇಲೆ ಇತ್ಯರ್ಥ ಆಗೋದು. ಇಂಗ್ಲೆಂಡಿನ ಹಳ್ಳಿಯಲ್ಲಿ ಇದಕ್ಕಿಂತ ದೊಡ್ಡ ಜಗಳ ನಾನು ನೋಡಿಲ್ಲ. ಅಲ್ಲೇ ಹುಟ್ಟಿದ ಮಕ್ಕಳಿಗೆ ಅಲ್ಲೇ ಬಾಡಿಗೆಗೆ ಮನೆ ಸಿಗಲ್ಲ, ಹೊಲ ಹೋಗೋದೂ ಯಾರಿಗೂ ಬೇಕಿಲ್ಲ. ಎರಡೂ ಕಡೆಯವರ ಮಾತಲ್ಲೂ ನ್ಯಾಯ ಇದೆ.

ಮಿಡ್ ಸಫೋಕ್‌ನಲ್ಲಿ 34 ಸೀಟು, ಜನ 1 ಲಕ್ಷದ ಮೇಲೆ ಸ್ವಲ್ಪ. ಅಂದರೆ ಮೂರು ಸಾವಿರ ಜನಕ್ಕೆ ಒಬ್ಬ ಮೆಂಬರು. ಠೇವಣಿ ಇಲ್ಲ, ಸೂಚಕ ಅನುಮೋದಕ ಅಂತ ಎರಡು ಸಹಿ ಸಾಕು. ಖರ್ಚಿನ ಮಿತಿ 806 ಪೌಂಡು, ಅದರ ಮೇಲೆ ಮತದಾರರೊಬ್ಬರಿಗೆ 7 ಪೆನ್ಸ್. 2,500 ವೋಟರ್ ಇರೋ ವಾರ್ಡಿಗೆ ಒಟ್ಟು 981 ಪೌಂಡು, ಅಷ್ಟೇ. ಅದಕ್ಕೇ ಆ ಹೆಂಗಸು ಒಬ್ಬರೇ ಕೆಸರಲ್ಲಿ ನಡಕೊಂಡು ಬಂದಿದ್ದು.

ನಿನ್ನ ಒಂದು ವೋಟಿಂದ ಏನಾಗುತ್ತೆ ಅಂತ ಯಾರಾದರೂ ಅಂದರೆ ಇದನ್ನು ಹೇಳು. 2017ರಲ್ಲಿ ನಾರ್ತಂಬರ್‌ಲೆಂಡ್ ಕೌಂಟಿಯ ಸೌತ್ ಬ್ಲೈತ್‌ನಲ್ಲಿ ಇಬ್ಬರಿಗೆ ಸಮ ಸಮ ವೋಟು, ತಲಾ 356. ನಮ್ಮಲ್ಲಿ ಚೀಟಿ ಎತ್ತಿದ ಹಾಗೆ ಅಲ್ಲಿ ಕಡ್ಡಿ ಎಳೆದರು. ಕನ್ಸರ್ವೇಟಿವ್ ಅಭ್ಯರ್ಥಿಯ ಕೈಗೆ ಸೋಲಿನ ಕಡ್ಡಿ ಬಂತು. 67 ಸೀಟಿನಲ್ಲಿ ಅವರ ಪಕ್ಷ 33ಕ್ಕೇ ನಿಂತು, ಒಂದು ಸೀಟಿನಿಂದ ಬಹುಮತ ತಪ್ಪಿತು.

ರಾಜಾಜಿನಗರ 2ನೇ ಬ್ಲಾಕ್
10 ಏಪ್ರಿಲ್ 2023

ಒಂದು ಬೇರೆ ಅಭಿಪ್ರಾಯ. ಕಾನೂನಲ್ಲಿ ಹಕ್ಕಿರಬಹುದು. ಆದರೆ ಐದು ವರ್ಷದ ವೀಸಾದಲ್ಲಿ ಬಂದವರು, ಮುನ್ನೂರು ವರ್ಷದಿಂದ ಬೇಸಾಯ ಮಾಡಿಕೊಂಡಿರೋರ ಊರಿನ ಹೊಲ ಉಳೀಬೇಕಾ ಅಂತ ನಿರ್ಧರಿಸೋದು ನನಗೆ ಸರಿ ಕಾಣಲ್ಲ. ನಾಳೆ ನಾವು ಹೊರಟುಹೋಗ್ತೀವಿ, ಪರಿಣಾಮ ಅನುಭವಿಸೋರು ಅವರು. ನಾನು ಒಂಬತ್ತು ವರ್ಷ ಇಲ್ಲಿದ್ದೂ ಹಾಕಿಲ್ಲ. ತಪ್ಪು ತಿಳಿಯಬೇಡಿ.

ಹೇಮಾವತಿ ದಂಡೆಯವಳು
11 ಏಪ್ರಿಲ್ 2023

ಗುಬ್ಬಿ ಅಣ್ಣ, ತುಂಬಾ ಥ್ಯಾಂಕ್ಸ್. ನಿನ್ನೆ ರಾತ್ರಿಯೇ ಹೆಸರು ಸೇರಿಸಿದೆ, ಪಾಸ್‌ಪೋರ್ಟ್ ಪಕ್ಕದಲ್ಲಿಟ್ಟುಕೊಂಡು ಅಕ್ಷರ ಅಕ್ಷರ ನೋಡಿ.

ರಾಜಾಜಿನಗರದ ಸರ್, ನಿಮ್ಮ ಮಾತನ್ನು ಎರಡು ದಿನದ ಶಿಫ್ಟಿನಲ್ಲೂ ಯೋಚನೆ ಮಾಡಿದೆ. ನಾನು ಬೆಳಗ್ಗೆ ಎಬ್ಬಿಸಿ, ಸ್ನಾನ ಮಾಡಿಸಿ, ಊಟ ಮಾಡಿಸೋದು ಆ ಬೇಸಾಯದವರ ಅಪ್ಪ ಅಮ್ಮಂದಿರಿಗೇ. ಹೋದ ತಿಂಗಳು ತೀರಿಕೊಂಡ ಅಜ್ಜ ಕೊನೆಗೆ ಹಿಡಿದಿದ್ದು ನನ್ನ ಕೈ. ಈ ಊರಿನ ಟ್ಯಾಕ್ಸೂ ಕಟ್ತೀನಿ. ಇಲ್ಲಿನ ಬಸ್ಸು, ಬಾಡಿಗೆ, ಕತ್ತಲು ನನಗೂ ತಟ್ಟುತ್ತೆ. ನಾಳೆ ಹೋಗಬಹುದು, ನಿಜ. ಇವತ್ತು ಇದ್ದೀನಲ್ಲ ಸರ್.

ಬೆಣ್ಣೆನಗರಿ
11 ಏಪ್ರಿಲ್ 2023

ಹೇಮಾವತಿಯವರೇ, ಒಂದೇ ಮಾತು. ನಿಮ್ಮದು 12 ಗಂಟೆ ಶಿಫ್ಟ್ ಅಂತ ಕಾಣುತ್ತೆ. ಬೂತು ಬೆಳಗ್ಗೆ 7ರಿಂದ ರಾತ್ರಿ 10ರವರೆಗೆ ಇರುತ್ತೆ. ಅಷ್ಟರಲ್ಲೂ ಆಗಲ್ಲ ಅನ್ನಿಸಿದರೆ ಏಪ್ರಿಲ್ 18ರ ಸಂಜೆ 5ರ ಒಳಗೆ ಪೋಸ್ಟಲ್ ವೋಟಿಗೆ ಅರ್ಜಿ ಹಾಕಿ. ಬೂತಿನ ಬಾಗಿಲಲ್ಲಿ ಪಕ್ಷದವರು ನಿಂತು ವೋಟರ್ ಲಿಸ್ಟಿನ ನಿಮ್ಮ ನಂಬರ್ ಕೇಳ್ತಾರೆ, ಹೇಳಲೇಬೇಕು ಅಂತೇನಿಲ್ಲ. ನಾನು ಮೊದಲ ಸಲ ಅವರನ್ನೇ ಅಧಿಕಾರಿ ಅಂದುಕೊಂಡು ಹೆದರಿ ಪಾಸ್‌ಪೋರ್ಟ್ ತೋರಿಸಿದ್ದೆ.

ಹೇಮಾವತಿ ದಂಡೆಯವಳು
6 ಮೇ 2023

ಹಾಕಿದೆ! ಗುರುವಾರ ಎಂಟಕ್ಕೆ ಡ್ಯೂಟಿ ಮುಗಿಸಿ, ಯೂನಿಫಾರ್ಮಲ್ಲೇ ವಿಲೇಜ್ ಹಾಲಿಗೆ ಹೋದೆ. ಇನ್ನೂ ಪೂರ್ತಿ ಕತ್ತಲಾಗಿರಲಿಲ್ಲ, ಎರಡೂ ಕಡೆ ರೇಪ್‌ಸೀಡ್ ಹೂವು ಹಳದಿ. ಒಳಗೆ ಇಬ್ಬರೇ ಕ್ಲರ್ಕು, ಪೋಲೀಸ್ ಇಲ್ಲ, ಸಾಲು ಇಲ್ಲ. ನನ್ನ ಹೆಸರನ್ನು ಗಟ್ಟಿಯಾಗಿ ಓದಬೇಕಂತೆ. ಆ ಮನುಷ್ಯ ಒಂದು ಸಲ ಓದಿ ತಪ್ಪಾಯ್ತು ಅನ್ನಿಸಿ, ನೀವೇ ಹೇಳಿಕೊಡಿ ಅಂದರು. ಹೇಳಿದೆ. ಎರಡನೇ ಸಲ ಸರಿಯಾಗಿ ಓದಿದರು. ಅಪ್ಪನ ಹೆಸರೂ ಸೇರಿ ನನ್ನ ಪೂರ್ತಿ ಹೆಸರು ಆ ಹಾಲಿನಲ್ಲಿ ಕೇಳಿದಾಗ ಗಂಟಲು ಕಟ್ಟಿತು.

ಎರಡು ಪೇಪರ್ ಕೊಟ್ಟರು, ಡಿಸ್ಟ್ರಿಕ್ಟಿಗೊಂದು, ಪ್ಯಾರಿಶ್‌ಗೊಂದು. ಪ್ಯಾರಿಶ್‌ನಲ್ಲಿ ಏಳು ಸೀಟಿಗೆ ಒಂಬತ್ತು ಜನ, ಏಳು ಜನಕ್ಕೂ ಗುರುತು ಹಾಕಬಹುದು. ದಾರ ಕಟ್ಟಿದ ಪೆನ್ಸಿಲ್ಲು. ಅಳಿಸಿಬಿಟ್ಟರೆ ಅನ್ನೋ ಭಯಕ್ಕೆ ಒತ್ತಿ ಒತ್ತಿ ಹಾಕಿದೆ. ರಾತ್ರಿ ಅಮ್ಮನಿಗೆ ಮೆಸೇಜ್ ಹಾಕಿದ್ದೆ, ಬೆಳಗ್ಗೆ ಎದ್ದವರೇ ವಿಡಿಯೋ ಕಾಲ್ ಮಾಡಿ, ಎಲ್ಲಿ ಬೆರಳು ತೋರಿಸು ಅಂದರು. ಇಲ್ಲಿ ಮಸಿ ಹಾಕಲ್ಲಮ್ಮ ಅಂದರೆ ನಂಬಲೇ ಇಲ್ಲ. ನಮ್ಮ ಮೈಸೂರಿಂದ ತರಿಸಿಕೊಳ್ಳೋಕೆ ಹೇಳು ಅಂದರು. ಬುಧವಾರ ಅವರ ಬೆರಳಿನ ಫೋಟೋ ಕಳಿಸ್ತಾರಂತೆ.

ಫಲಿತಾಂಶ ನೀವೂ ನೋಡಿರ್ತೀರಿ. ಮಿಡ್ ಸಫೋಕ್‌ನ 34ರಲ್ಲಿ 24 ಗ್ರೀನ್ ಪಕ್ಷಕ್ಕೆ, ಕಳೆದ ಸಲ 12 ಇದ್ದದ್ದು. ಬ್ರಿಟನ್ನಿನಲ್ಲಿ ಒಂದು ಕೌನ್ಸಿಲ್ ಪೂರ್ತಿ ಬಹುಮತದಲ್ಲಿ ಅವರ ಕೈಗೆ ಬಂದದ್ದು ಇದೇ ಮೊದಲಂತೆ. ಅದೇ ದಿನ ಬ್ರೈಟನ್ ನಗರದಲ್ಲಿ ಅವರು 7ಕ್ಕೆ ಇಳಿದಿದ್ದಾರೆ. ನಾನು ಯಾರಿಗೆ ಹಾಕಿದೆ ಅಂತ ಅಮ್ಮನಿಗೂ ಹೇಳಿಲ್ಲ.

ನನ್ನ ಬಾಗಿಲಿಗೆ ಬಂದಿದ್ದವರು ಸೋತರು. ಇವತ್ತು ಬೆಳಗ್ಗೆ ರಾಜನ ಪಟ್ಟಾಭಿಷೇಕಕ್ಕೆ ಊರೆಲ್ಲ ಬಣ್ಣದ ತೋರಣ ಕಟ್ಟಿದ್ದಾರೆ, ಅವರು ಒಬ್ಬರೇ ತಮ್ಮ ಬೋರ್ಡುಗಳನ್ನು ಬೇಲಿಗಳಿಂದ ಕಿತ್ತು ಕಾರಿಗೆ ತುಂಬುತ್ತಿದ್ದರು. ನಾನು ಹೋಗಿ ನಾಲ್ಕು ಬೋರ್ಡು ಎತ್ತಿಕೊಟ್ಟೆ. ಹೆಸರು ಸೇರಿಸಿದಿರಾ ಅಂತ ಕೇಳಿದರು. ಸೇರಿಸಿದೆ ಅಂದೆ. ಆವತ್ತು ಹೇಳೋಕಾಗದ ಬಸ್ ಸ್ಟಾಪಿನ ದೀಪದ ವಿಷಯವನ್ನೂ ಹೇಳಿದೆ. ಅದು ಪ್ಯಾರಿಶ್‌ದು, ಈ ತಿಂಗಳೇ ಹೊಸಬರ ಮೊದಲ ಸಭೆ ಇರುತ್ತೆ, ಯಾರು ಬೇಕಾದರೂ ಹೋಗಿ ಕೂರಬಹುದು, ನೀವೇ ಬಂದು ಕೇಳಿ ಅಂದರು.

ಗುಬ್ಬಿ ಅಣ್ಣ, ಆ ಸಭೆಯಲ್ಲಿ ಮಾತಾಡೋಕೆ ಮೊದಲೇ ಕ್ಲರ್ಕಿಗೆ ಹೆಸರು ಬರೆಸಬೇಕಾ, ಇಲ್ಲ ಅಲ್ಲೇ ಕೈ ಎತ್ತಿದರೆ ಸಾಕಾ?