ಅಪ್‌ಡೇಟ್: ನವಣೆ ಅನ್ನ ಮತ್ತು ಓವನ್ನಿನಲ್ಲಿ ಸುಟ್ಟ ಬಂಗುಡೆ

ಕೆಲಸ ಮುಗಿಸಿ ಲೋಕಲ್ ರೈಲು ಹಿಡಿದು ಮುಂಬೈ ಸಮೀಪದ ಡೊಂಬಿವಿಲಿಯ ಮನೆ ಸೇರುವಾಗ ರಾತ್ರಿಯಾಗಿರುವುದರಿಂದ, ಸಿರಿಧಾನ್ಯ, ತರಕಾರಿ, ಸುಟ್ಟ ಮೀನು ಮೂರನ್ನೂ ಒಂದೇ ಬಟ್ಟಲಲ್ಲಿ ಬಡಿಸುವಂಥ ಊಟವನ್ನು ಬೇಗ ಸಿದ್ಧಪಡಿಸುವುದು ಹೇಗೆಂದು ಹಿಂದೆ ಕೇಳಿದ್ದೆ. ನವಣೆಯನ್ನು ಮುಂಚಿತವಾಗಿ ಬೇಯಿಸಿಡಿ, ಬಂಗುಡೆಯನ್ನೇ ಆರಿಸಿಕೊಳ್ಳಿ ಎಂದು ತಿಳಿಸಿದ ಎಲ್ಲರಿಗೂ ಕೃತಜ್ಞತೆಗಳು. ಈಗ ಅದು ನಮ್ಮ ಮನೆಯ ರೂಢಿಯಾಗಿದೆ.

ನವಣೆಯನ್ನು ಅರ್ಧ ಗಂಟೆ ನೆನೆಸಿ, 1 ಲೋಟಕ್ಕೆ 2 ಲೋಟ ನೀರಿಟ್ಟು ಬೇಯಿಸಿ, ಅಗಲವಾದ ತಟ್ಟೆಯಲ್ಲಿ ಹರಡಿ ಆರಿಸಿ ಫ್ರಿಜ್ಜಿನಲ್ಲಿಟ್ಟರೆ ಮರುದಿನವೂ ಉದುರುದುರಾಗಿರುತ್ತದೆ. ಮೀನಿನಲ್ಲಿ ಮಾತ್ರ ತೇವದ ಕಡೆಗೇ ಹೆಚ್ಚಿನ ಗಮನ ಬೇಕು. ತೊಳೆದ ಬಂಗುಡೆಯನ್ನು ಬಟ್ಟೆಯಿಂದ ಚೆನ್ನಾಗಿ ಒರೆಸಿ, ಎರಡೂ ಬದಿಗೆ ಗೀರು ಹಾಕಿ, ಬ್ಯಾಡಗಿ ಮೆಣಸು, ಬೆಳ್ಳುಳ್ಳಿ, ಅರಿಸಿನಗಳನ್ನು ಪುನರ್ಪುಳಿಯ (ಕೋಕಂ) ರಸದೊಂದಿಗೆ ಗಟ್ಟಿಯಾಗಿ ರುಬ್ಬಿ ಗೀರುಗಳೊಳಗೆ ತುಂಬಿ, ಮೊದಲೇ 200 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿದ ಓವನ್ನಿನಲ್ಲಿ ಸುಮಾರು 15 ನಿಮಿಷ ಇಡಬೇಕು. ಚರ್ಮದ ಅಂಚು ಕಂದು ಬಣ್ಣಕ್ಕೆ ತಿರುಗಿ, ಮುಳ್ಳಿನ ಪಕ್ಕದ ಮಾಂಸವು ಚಮಚ ತಾಗಿಸಿದೊಡನೆ ಎಸಳೆಸಳಾಗಿ ಬಿಡಿಸಿಕೊಂಡರೆ ಬೆಂದಿದೆ ಎಂದರ್ಥ. ಬಂಗುಡೆಯಲ್ಲಿ ಸಹಜವಾಗಿಯೇ ಕೊಬ್ಬಿನಂಶವಿರುವುದರಿಂದ ಎಣ್ಣೆ ಬಹುತೇಕ ಬೇಕಾಗುವುದಿಲ್ಲ; ಇಲ್ಲಿಯವರು ಸುರಮಯಿ ಎನ್ನುವ ಅಂಜಲ್ ತುಂಡುಗಳಿಗಾದರೆ ಒಂದು ಚಮಚ ಸವರುವುದು ಒಳ್ಳೆಯದು.

ಜೊತೆಗೆ ಸೌತೆಕಾಯಿ, ಮೊಳಕೆ ಹೆಸರುಕಾಳಿನ ಕೋಸಂಬರಿ ಇದ್ದರೆ ಸಾಕು.

ಮಹಾರಾಷ್ಟ್ರದ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿರುವ ಕಾರಣ, ಆ ದಿನಗಳಲ್ಲಿ ಸಿಹಿನೀರಿನ ರೋಹು ತುಂಡುಗಳನ್ನು ಇದೇ ಮಸಾಲೆಯಲ್ಲಿ ಸುಡುತ್ತೇನೆ. ಅದರಲ್ಲಿ ಸಣ್ಣ ಮುಳ್ಳುಗಳು ಹೆಚ್ಚಿರುವುದರಿಂದ ಮಕ್ಕಳ ಬಟ್ಟಲಿಗೆ ಬಿಡಿಸಿಯೇ ಹಾಕಬೇಕು.